ನರ ಗಟ್ಟಿಯಾಗಿದೆ

ಡಾಕ್ಟರು ಹೇಳಿದ್ದನ್ನು ನಾನು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಸರಿಯಾಗಿಯೇ ಕೇಳಿಸಿಕೊಂಡೆ, ಅಕ್ಷರ ಅಕ್ಷರವೂ ಇವತ್ತಿಗೂ ನೆನಪಿದೆ. ತಪ್ಪಿದ್ದು ಆ ಮಾತನ್ನು ಬಿಡಿಸಿಕೊಂಡ ರೀತಿಯಲ್ಲಿ. ಶಿವಮೊಗ್ಗದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ದಿನಬೆಳಗಾದರೆ ಸಂಧಿ ಬಿಡಿಸಿ ಬರೆಯಿರಿ ಎಂದು ಮಕ್ಕಳ ಪ್ರಾಣ ಹಿಂಡುತ್ತಿದ್ದ ಉಪಾಧ್ಯಾಯಿನಿ ನಾನು. ಮೂರು ಪದದ ಒಂದು ವಾಕ್ಯವನ್ನು ಬಿಡಿಸಲಾರದೆ ಹೋದೆ. ಅದರಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಕೊಂಡಿಲ್ಲ. ಈಗ ತಿಂಗಳಿಗೊಮ್ಮೆ ನನ್ನದೇ ರಟ್ಟೆಗೆ ಪಟ್ಟಿ ಸುತ್ತಿ, ಗಾಳಿ ತುಂಬಿಸಿ, ರಕ್ತದ ಒತ್ತಡ ನೋಡುತ್ತಾರೆ. ಆ ಪಟ್ಟಿ ಬಿಗಿಯಾದಾಗಲೆಲ್ಲ ಹಳೆಯದು ಎದ್ದು ಬರುತ್ತದೆ. ಬರೆದಾದರೂ ಇಡೋಣ ಎನ್ನಿಸಿದೆ.

ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿದ್ದ. ಹೊಳೆಹೊನ್ನೂರಿನ ಕಡೆಯ ಒಕ್ಕಲುತನದ ಮನೆಯವನು; ಗದ್ದೆಯನ್ನು ಅಣ್ಣನಿಗೆ ಬಿಟ್ಟು, ಕಾರ್ಖಾನೆಯ ಚಿಮಣಿ ಇನ್ನೂ ಅರ್ಧ ಎದ್ದಿದ್ದಾಗಲೇ ಬಂದು ಮಣ್ಣು ಹೊರುವ ಕೆಲಸಕ್ಕೆ ಸೇರಿದ್ದನಂತೆ. ಆಮೇಲೆ ಕುಲುಮೆಯ ಬಾಯಿ, ಎರಕದ ಗುಂಡಿ ಎಲ್ಲ ದಾಟಿ, ನಾನು ಹೇಳುತ್ತಿರುವ ಕಾಲಕ್ಕೆ, ಅಂದರೆ ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ, ಕೊಳವೆ ತಟ್ಟುವ ಕೆಲಸಕ್ಕೆ ಬಂದಿದ್ದ. ಊರೂರಿಗೆ ನೀರು ಒಯ್ಯುವ ಎರಕದ ಕೊಳವೆಗಳು ಅಂಗಳದಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಅಪ್ಪ ಸಣ್ಣ ಸುತ್ತಿಗೆ ಹಿಡಿದು ಒಂದೊಂದನ್ನೂ ತಟ್ಟುತ್ತ ಹೋಗಬೇಕು. ಖಣಖಣ ಎಂದರೆ ಒಳ್ಳೆಯದು. ಕಣ್ಣಿಗೆ ಕಾಣದ ಬಿರುಕಿದ್ದರೆ ಶಬ್ದ ಸತ್ತಂತೆ ಬರುತ್ತದೆ. ಕೆಲಸದಲ್ಲಿ ಅವನು ಬಳಸುತ್ತಿದ್ದದ್ದು ಎರಡೇ ಪದ: "ಗಟ್ಟಿ", ಇಲ್ಲವೇ "ಸೀಳು". ಗಟ್ಟಿ ಎಂದರೆ ಸುಣ್ಣದ ಗೆರೆ ಬಿತ್ತು, ಕೊಳವೆ ರೈಲಿಗೆ ಹೋಯಿತು.

ಈ ಚಟ ಮನೆಗೂ ಬಂದಿತ್ತು. ಸಂತೆಯಿಂದ ತಂದ ಮಡಕೆಯನ್ನು ತಟ್ಟುವುದು, ತೆಂಗಿನಕಾಯಿ ತಟ್ಟುವುದು ಸರಿ, ಅದು ಎಲ್ಲರೂ ಮಾಡುತ್ತಾರೆ. ಅಪ್ಪ ಹೊಸ ಬಾಗಿಲು, ಬೀಸುವ ಕಲ್ಲು, ಕೊನೆಗೆ ನನ್ನ ತಲೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಗಟ್ಟಿ" ಎನ್ನುತ್ತಿದ್ದ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ನಾನು. ಆಗ ನೆಂಟರಿಷ್ಟರೆಲ್ಲ ಇವಳನ್ನು ಒಳಗೆ ಕೂರಿಸಿ ಎಂದಾಗ, ಅಪ್ಪ ನನ್ನ ತಲೆ ತಟ್ಟಿ, "ಇದು ಗಟ್ಟಿ ಇದೆ, ಓದ್ಲಿ" ಎಂದು ಟ್ರೈನಿಂಗಿಗೆ ಕಳಿಸಿದ. ಹಾಗಾಗಿ ಆ ಪದದ ಮೇಲೆ ನನಗೆ ತುಸು ಹೆಚ್ಚೇ ನಂಬಿಕೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ನಾನು ಶಿವಮೊಗ್ಗದಲ್ಲಿ ದೂರದ ನೆಂಟರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಶನಿವಾರ ಅರ್ಧ ದಿನ ಶಾಲೆ. ಮುಗಿಸಿ ರೈಲು ಹತ್ತಿದರೆ ಸಂಜೆಯೊಳಗೆ ಭದ್ರಾವತಿ. ಕಾರ್ಖಾನೆಯ ಸಾಲುಮನೆಗಳಲ್ಲಿ ನಮ್ಮದೂ ಒಂದು. ಅಕ್ಕಪಕ್ಕ ತಮಿಳರು, ತೆಲುಗರು. ಅವ್ವ ಹೊಳೆಹೊನ್ನೂರಿನಿಂದಾಚೆ ಏನೂ ನೋಡದವಳು, ಅಲ್ಲಿ ಬಂದು ಮೂರು ಭಾಷೆಯಲ್ಲಿ ಜಗಳವಾಡುವುದನ್ನು ಕಲಿತಿದ್ದಳು.

ಒಂದು ಮಾಗಿಯಲ್ಲಿ ಅಪ್ಪ ಕೊಳವೆಗಳ ನಡುವೆ ತಲೆ ಸುತ್ತಿ ಕೂತುಬಿಟ್ಟನಂತೆ. ಬೆಳಿಗ್ಗೆ ಏಳುವಾಗ ಹಿಂದಲೆ ಸಿಡಿಯುತ್ತದೆ ಎಂದು ಆಗಾಗ ಹೇಳುತ್ತಲೂ ಇದ್ದ. ಮೇಸ್ತ್ರಿ, ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದ. ಶಿವಮೊಗ್ಗದ ಪೇಟೆಯಲ್ಲಿ ಆಗಷ್ಟೇ ಒಬ್ಬ ಡಾಕ್ಟರು ಬಂದಿದ್ದರು. ಮದರಾಸಿನ ಕಡೆಯವರು, ಕನ್ನಡ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಸೋಮವಾರ ಬೆಳಿಗ್ಗೆ ಅಪ್ಪನನ್ನು ನನ್ನ ಜೊತೆಗೇ ಕರೆತಂದು, ಶಾಲೆಗೆ ಹೋಗುವ ಮೊದಲು ಅಲ್ಲಿಗೆ ಕರೆದೊಯ್ದೆ.

ಡಾಕ್ಟರು ಅಪ್ಪನ ರಟ್ಟೆಗೆ ಬಟ್ಟೆಯ ಪಟ್ಟಿ ಸುತ್ತಿ ರಬ್ಬರ್ ಉಂಡೆ ಒತ್ತತೊಡಗಿದರು. ಪೆಟ್ಟಿಗೆಯೊಳಗಿನ ಗಾಜಿನ ಕೊಳವೆಯಲ್ಲಿ ಪಾದರಸ ಮೇಲೇರಿತು. ಅಪ್ಪನಿಗೆ ಬಲು ಖುಷಿ.

"ಪ್ರೆಷರ್ ನೋಡ್ತಿದಾರೆ ಕಣೇ. ನಾವು ಕೊಳವೆಗೆ ನೀರು ತುಂಬಿ ನೋಡ್ತೀವಲ್ಲ, ಅದೇ ಇದು," ಎಂದು ನನಗೆ ವಿವರಿಸಿದ.

ಡಾಕ್ಟರು ನಗಲಿಲ್ಲ. ಮಣಿಕಟ್ಟಿನ ನರವನ್ನು ಬೆರಳಡಿಯಲ್ಲಿ ಹೊರಳಿಸಿ ನೋಡಿದರು, ಕಣತಲೆಯ ಪಕ್ಕದಲ್ಲಿ ಅಂಕುಡೊಂಕಾಗಿ ಎದ್ದಿದ್ದ ನರವನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನರ ಎಲ್ಲಾ ಗಟ್ಟಿಯಾಗಿದೆ. ಜೋಪಾನವಾಗಿ ನೋಡಿಕೊಳ್ಳಿ. ಇದರಲ್ಲಿ ಬರೆದಿದ್ದೇನೆ," ಎಂದು ಒಂದು ಚೀಟಿ ಕೊಟ್ಟರು.

ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಆದರೆ ಡಾಕ್ಟರ ಕೈಬರಹ ಇರುವೆ ನಡೆದ ಹಾಗಿತ್ತು. ಇದೇನು ಸ್ವಾಮಿ ಎಂದು ಕೇಳಬಹುದಿತ್ತು. ಅಪ್ಪ ಪಕ್ಕದಲ್ಲಿ, ಓದಿದ ಮಗಳು ಎಂಬ ಠೀವಿಯಿಂದ ನಿಂತಿದ್ದ. ಬೆಂಚಿನ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ನಾನು ಚೀಟಿಯ ಮೇಲೆ ಕಣ್ಣಾಡಿಸಿ, ಎಲ್ಲ ತಿಳಿದವಳಂತೆ ತಲೆಯಾಡಿಸಿ, ಅದನ್ನು ಕಂಪೌಂಡರ್ ಕೈಗೆ ಕೊಟ್ಟೆ. ಅವನು ಕೆಂಪು ನೀರಿನಂಥ ಔಷಧವನ್ನು ಬಾಟಲಿಗೆ ತುಂಬಿ, ಹೊತ್ತುಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸುವ ಕತ್ತರಿಸಿದ ಕಾಗದವನ್ನು ಅದರ ಮೈಗೆ ಅಂಟಿಸಿ ಕೊಟ್ಟ. ಚೀಟಿ ಅವನ ಬಳಿಯೇ ಉಳಿಯಿತು.

ಈಗ ಆ ವಾಕ್ಯವನ್ನು ಬಿಡಿಸಿ ಬರೆಯುತ್ತೇನೆ. "ಗಟ್ಟಿಯಾಗಿ ಇದೆ" ಎಂದರೂ ಕೂಡಿ ಗಟ್ಟಿಯಾಗಿದೆ ಎಂದೇ ಆಗುತ್ತದೆ. "ಗಟ್ಟಿ ಆಗಿದೆ" ಎಂದರೂ ಅಷ್ಟೇ. ಮೊದಲನೆಯದು ಆರೋಗ್ಯ. ಎರಡನೆಯದು, ಮೆತ್ತಗೆ ಇರಬೇಕಾದ್ದು ಕಲ್ಲಾಗಿದೆ ಎಂದು. ಇನ್ನು ನರ ಎಂಬ ಪದವಂತೂ ನಮ್ಮಲ್ಲಿ ಎಲ್ಲಕ್ಕೂ ಆಗುತ್ತದೆ. ರಕ್ತ ಹರಿಯುವುದೂ ನರವೇ, ಧೈರ್ಯ ಇರುವುದೂ ನರದಲ್ಲೇ, ಕೋಪ ಬಂದರೆ ಬಿಗಿಯುವುದೂ ನರವೇ. ನರಸತ್ತವನು ಎಂದು ಬಯ್ಯುವ ಊರಿನಲ್ಲಿ ನರ ಗಟ್ಟಿಯಾಗಿದೆ ಎಂಬುದು ಶುಭಸುದ್ದಿಯಲ್ಲದೆ ಮತ್ತೇನು?

ಶುಭಸುದ್ದಿಯಾಗಿಯೇ ಅದನ್ನು ಮನೆಗೆ ಒಯ್ದೆ. ಮುಂದಿನ ಶನಿವಾರ ಹೋಗುವಷ್ಟರಲ್ಲಿ ಅಪ್ಪನೇ ಸಾಲುಮನೆಗಳಿಗೆಲ್ಲ ಸಾರಿಬಿಟ್ಟಿದ್ದ. ಅವ್ವ ಹೊಸ್ತಿಲಲ್ಲೇ ಹಿಡಿದುಕೊಂಡು ಕೇಳಿದಳು.

"ಡಾಕ್ಟ್ರು ಖರೇವಾಗ್ಲೂ ಹಂಗಂದ್ರಾ?"

"ನರ ಎಲ್ಲಾ ಗಟ್ಟಿಯಾಗಿದೆ ಅಂದ್ರವ್ವ. ಇದೇ ಮಾತು."

"ನೀನು ಕೇಳಿಸ್ಕೊಂಡಿದೀಯ ಅಂದ್ಮೇಲೆ ಆಯ್ತು ಬಿಡು," ಎಂದಳು ಅವ್ವ.

ಅಪ್ಪನ ಊಟದಲ್ಲಿ ಉಪ್ಪು ಮುಂದಿತ್ತು. ಎರಕದ ಗುಂಡಿಯ ಹತ್ತಿರ ದುಡಿಯುವವರು ಮಜ್ಜಿಗೆಗೆ ಹಿಡಿ ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದರು. ಬೆವರಿನಲ್ಲಿ ಹೋದದ್ದು ಹಾಗೆಯೇ ತಾನೆ ವಾಪಸು ಬರಬೇಕು ಎಂಬುದು ಅಲ್ಲಿನ ಲೆಕ್ಕ. ಕುಲುಮೆ ಬಿಟ್ಟು ಅಂಗಳಕ್ಕೆ ಬಂದು ವರ್ಷಗಳಾಗಿದ್ದರೂ ಅಪ್ಪನ ನಾಲಿಗೆ ಕುಲುಮೆಯಲ್ಲೇ ಇತ್ತು. ಮಜ್ಜಿಗೆಗೆ ಉಪ್ಪು, ಅನ್ನದ ತುದಿಗೆ ಉಪ್ಪು, ಮಿಡಿ ಉಪ್ಪಿನಕಾಯಿಯ ರಸಕ್ಕೆ ಇನ್ನೊಂದು ಚಿಟಿಕೆ. ಊಟವಾದ ಮೇಲೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು. ನರ ಗಟ್ಟಿ ಇರುವ ಗಂಡಸಿಗೆ ಅವ್ವ ಏನನ್ನೂ ಕಡಿಮೆ ಮಾಡಲಿಲ್ಲ. ಸಂಡಿಗೆ, ಬಾಳಕದ ಮೆಣಸಿನಕಾಯಿ, ಎಲ್ಲವೂ ತಟ್ಟೆಗೆ ಬಂದವು. ಕೆಂಪು ಔಷಧ ಮುಗಿಯಿತು. ಮತ್ತೆ ಡಾಕ್ಟರ ಹತ್ತಿರ ಹೋಗುವ ಪ್ರಮೇಯವೇ ಇರಲಿಲ್ಲ.

ಒಂದು ವರ್ಷದ ಮೇಲೆ ಇರಬೇಕು, ಒಂದು ಶನಿವಾರ ನಾನು ಹೋದಾಗ ಅಪ್ಪ ಎಲೆಗೆ ಸುಣ್ಣ ಹಚ್ಚಿ ಕೈಯಲ್ಲಿ ಹಿಡಿದು ಕೂತಿದ್ದ. ಎಷ್ಟು ಹೊತ್ತಾದರೂ ಮಡಿಸಲಿಲ್ಲ. ಅಡಿಕೆ ಎದುರಿಗೇ ಇತ್ತು. ಸುಣ್ಣ ಹಚ್ಚುವುದು ಗೊತ್ತು, ಮಡಿಸುವುದೂ ಗೊತ್ತು, ನಡುವೆ ಏನು ಎಂಬುದು ತಪ್ಪಿಹೋಗಿತ್ತು. ಅವ್ವ ನೋಡಿ ನಕ್ಕಳು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ಆಮೇಲೆ ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ. ಸ್ನಾನಕ್ಕೆ ಹೋದವನು ಬಚ್ಚಲ ಬಾಗಿಲಲ್ಲಿ ನಿಂತು ಯೋಚಿಸುವುದು. ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಕೇಳಿದವರೇ ಮರೆಯುವಷ್ಟು ತಡ. ನಡಿಗೆಯೂ ಬದಲಾಯಿತು. ದಾಪುಗಾಲಿನ ಮನುಷ್ಯ, ನೆಲಕ್ಕೆ ಕಾಲು ಅಂಟಿದವನಂತೆ ಸಣ್ಣ ಸಣ್ಣ ಹೆಜ್ಜೆ ಇಡತೊಡಗಿದ.

ಇದು ದಿನಾ ಒಂದೇ ಸಮ ಇದ್ದಿದ್ದರೆ ನಮಗೆ ಬುದ್ಧಿ ಬರುತ್ತಿತ್ತೋ ಏನೋ. ಹಾಗಿರಲಿಲ್ಲ. ಇವತ್ತು ಎಲೆ ಮಡಿಸಲು ಬಾರದವನು ನಾಳೆ ಹತ್ತು ಜನರ ಎದುರು ಹಳೇ ಕಥೆಗಳನ್ನು ಹೆಸರು, ಊರು ಸಮೇತ ಹೇಳುತ್ತಿದ್ದ. ನೆನಪು ಹೋಗಿರಲಿಲ್ಲ, ಕೆಲಸವನ್ನು ಒಂದರ ಹಿಂದೆ ಒಂದು ಜೋಡಿಸಿಕೊಳ್ಳುವ ಶಕ್ತಿ ಬಿದ್ದು ಎದ್ದು ಮಾಡುತ್ತಿತ್ತು. ನಮ್ಮ ಕಣ್ಣಿಗೆ ಅದು ಹಾಗೆ ಕಾಣಲಿಲ್ಲ. ನೆನ್ನೆ ಬಂದದ್ದು ಇವತ್ತು ಬರುವುದಿಲ್ಲ ಎಂದರೆ ಅದು ಸೋಗು ಎನ್ನಿಸಿತು.

ಪಕ್ಕದ ಮನೆಯ ತಮಿಳಿನ ಹೆಂಗಸು ಒಂದು ದಿನ ಗೋಡೆಯ ಆಚೆಯಿಂದ, "ವಯಸ್ಸಾಯ್ತು ಅಮ್ಮಾ. ಅರಳುಮರಳು. ಸುಮ್ನೆ ಬಿಟ್ಟುಬಿಡಿ," ಎಂದಳು. ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಅವ್ವನಿಗೆ ಮೈ ಉರಿದುಹೋಯಿತು.

"ಅರಳುಮರಳು ಯಾಕಾಗುತ್ತೆ? ಶಿವಮೊಗ್ಗದ ಡಾಕ್ಟ್ರೇ ನರ ಗಟ್ಟಿಯಾಗಿದೆ ಅಂದಿದಾರೆ. ನನ್ನ ಮಗಳೇ ಕೇಳಿಸ್ಕೊಂಡು ಬಂದಿದಾಳೆ. ಇವರು ಬೇಕಂತ ಮಾಡ್ತಾರೆ. ಕೆಲಸ ತಪ್ಪಿಸ್ಕೊಳ್ಳೋಕೆ."

ಅರಳುಮರಳು ಎಂದು ಒಪ್ಪಿಕೊಂಡಿದ್ದರೂ ಅಪ್ಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಹಾಗೆಂದ ಮನೆಗಳಲ್ಲಿ ಮುದುಕರನ್ನು ಒಂದು ಮೂಲೆಯಲ್ಲಿ ಕೂರಿಸಿ ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಾರೆ, ಬಯ್ಯುವುದಿಲ್ಲ. ನನ್ನ ಶುಭಸುದ್ದಿ ಆ ಬಾಗಿಲನ್ನೂ ಮುಚ್ಚಿತ್ತು. ಕಾಯಿಲೆ ಇಲ್ಲ ಎಂದ ಮೇಲೆ ಉಳಿಯುವುದು ಹಟ ಒಂದೇ. "ಬೇಕಂತ ಮಾಡ್ತೀರಿ" ಎಂಬ ಮಾತು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಓಡಾಡುತ್ತಿತ್ತು. ಅವ್ವ ಕೆಟ್ಟವಳಲ್ಲ. ಮೂವತ್ತೈದು ವರ್ಷ ಜೊತೆಗಿದ್ದ ಗಂಡ ತನ್ನೆದುರು ನಾಟಕವಾಡುತ್ತಿದ್ದಾನೆ ಎಂದು ನಂಬಿದ್ದಳು, ಅದಕ್ಕೆ ಅವಳಿಗೆ ನೋವಾಗಿತ್ತು. ಅವಳ ನೋವು ಯಾವಾಗಲೂ ಬೈಗುಳವಾಗಿಯೇ ಹೊರಗೆ ಬರುತ್ತಿತ್ತು.

ನಾನೇನು ಕಡಿಮೆ? ಶನಿವಾರ ಹೋದವಳು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸಿಕೊಂಡ ಹಾಗೆ ಕೇಳುತ್ತಿದ್ದೆ. ಇವತ್ತು ಯಾವ ವಾರ? ನೂರರಿಂದ ಹಿಂದಕ್ಕೆ ಎಣಿಸು. ಒಂದು ಸಲ ಅವನು ಹೇಳಲಾರದೆ ಅತ್ತುಬಿಟ್ಟ. ನಾನು ವಿಧವೆಯಾಗಿ ಬಂದು ನಿಂತ ದಿನವೂ ನನ್ನೆದುರು ಅಳದ ಮನುಷ್ಯ, ಮಂಗಳವಾರವೋ ಬುಧವಾರವೋ ತಿಳಿಯದೆ ಮಗುವಿನಂತೆ ಅತ್ತ. ನನಗೆ ಅಯ್ಯೋ ಎನ್ನಿಸಬೇಕಿತ್ತು. ನಾಚಿಕೆಯಾಯಿತು, ಅವನ ಬಗ್ಗೆ. ಇದನ್ನು ಬರೆಯುವಾಗ ಈಗ ನನ್ನ ಬಗ್ಗೆ ಆಗುತ್ತಿದೆ.

ಆ ಮಳೆಗಾಲದ ಕೊನೆಗೆ ಅಪ್ಪ ಗಟ್ಟಿ ಎಂದು ಗೆರೆ ಎಳೆದ ಕೊಳವೆಯೊಂದು ಎತ್ತುವಾಗ ಎರಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮೇಸ್ತ್ರಿ ಮನೆಗೇ ಬಂದು, ಒಳ್ಳೆಯ ಮಾತಿನಲ್ಲೇ, ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಎಂದು ಹೇಳಿಹೋದ. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅವತ್ತು ಅಪ್ಪ ನನಗೆ ಹೇಳಿದ ಮಾತು ಇದು:

"ಶಬ್ದ ಕೇಳ್ಸುತ್ತೆ ಕಣೇ. ಮೊದಲಿನ ಹಂಗೇ ಕೇಳ್ಸುತ್ತೆ. ಅದು ಏನು ಹೇಳ್ತಿದೆ ಅಂತ ಗೊತ್ತಾಗೋಷ್ಟರಲ್ಲಿ ಮುಂದಿನ ಕೊಳವೆಗೆ ಬಂದಿರ್ತೀನಿ."

ತನಗೆ ಆಗುತ್ತಿದ್ದದ್ದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ. ನಾನು, "ಗಮನ ಕೊಟ್ಟು ಕೇಳ್ಬೇಕಪ್ಪ," ಎಂದೆ.

ಎರಡನೆಯ ಸಲ ಡಾಕ್ಟರ ಹತ್ತಿರ ಹೋದದ್ದು ಮೊದಲ ಸಲ ಹೋಗಿ ಎರಡು ವರ್ಷದ ಮೇಲೆ. ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಬಾಯಿಯ ಒಂದು ಕಡೆ ಜಾರಿತ್ತು. ಕಾಫಿ ಕುಡಿದರೆ ತುಟಿಯಂಚಿನಿಂದ ಇಳಿಯುತ್ತಿತ್ತು. ಎಡಗೈಯಲ್ಲಿ ಲೋಟ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಿ ಮುಕ್ಕಾಲು ಪಾಲು ಸರಿಯಾಯಿತು. ಅದನ್ನು ನೋಡಿ ಅವ್ವ, "ನೋಡ್ದ್ಯಾ?" ಎಂಬಂತೆ ನನ್ನ ಮುಖ ನೋಡಿದಳು. ನನಗೆ ಮಾತ್ರ ಇದು ಸೋಗು ಎನ್ನಿಸಲಿಲ್ಲ. ಸೋಮವಾರ ಶಾಲೆಗೆ ರಜೆ ಹೇಳಿ ಅಪ್ಪನನ್ನು ರೈಲಿನಲ್ಲಿ ಕರೆತಂದೆ.

ಡಾಕ್ಟರು ಮತ್ತೆ ಪಟ್ಟಿ ಸುತ್ತಿದರು. ಪಾದರಸ ಏರಿತು. ಅಪ್ಪ ಈ ಸಲ ಏನೂ ವಿವರಿಸಲಿಲ್ಲ. ಅವನನ್ನು ಹೊರಗೆ ಕಂಪೌಂಡರ್ ಪಕ್ಕ ಕೂರಿಸಿ ಡಾಕ್ಟರು ನನ್ನನ್ನು ಒಳಗೆ ಕರೆದರು.

"ಉಪ್ಪು ಬಿಟ್ಟಿದ್ದಾರಾ?"

"ಇಲ್ಲ. ಯಾಕೆ ಬಿಡ್ಬೇಕು?" ಎಂದೆ.

"ಹೊಗೆಸೊಪ್ಪು?"

"ಇಲ್ಲ."

"ಚೀಟಿಯಲ್ಲಿ ಬರೆದಿದ್ದೆನಲ್ಲ. ಉಪ್ಪು, ಹೊಗೆಸೊಪ್ಪು ನಿಲ್ಲಿಸಿ, ಮೂರು ತಿಂಗಳಿಗೊಮ್ಮೆ ಬನ್ನಿ ಅಂತ."

"ಔಷಧದ ಚೀಟಿ ಅಂದ್ಕೊಂಡೆ. ನೀವು ನರ ಗಟ್ಟಿಯಾಗಿದೆ ಅಂದ್ರಲ್ಲ."

ನಾನು ಎಡವಿದ್ದು ಎಲ್ಲಿ ಎಂಬುದು ಅವರಿಗೆ ಅರ್ಥವಾಗಿರಬೇಕು. ಕೊರಳಲ್ಲಿದ್ದ ಸ್ಟೆತಸ್ಕೋಪಿನ ರಬ್ಬರ್ ನಳಿಗೆಯನ್ನು ಹಿಚುಕಿ ತೋರಿಸಿದರು. ಅದು ಮೆತ್ತಗೆ ತಗ್ಗಿ ಮತ್ತೆ ಉಬ್ಬಿತು. ಮೇಜಿನ ಖಾನೆಯಿಂದ ಹಳೆಯದೊಂದು ನಳಿಗೆ ತೆಗೆದರು. ಅದು ಒಣಗಿ ಕಟ್ಟಿಗೆಯಂತಾಗಿತ್ತು, ಬಗ್ಗಿಸಿದರೆ ಬಿರುಕು ಬಿಟ್ಟಿತು.

"ರಕ್ತದ ನರ ಹೀಗೆ ಇರಬೇಕು, ಮೆತ್ತಗೆ. ನಿಮ್ಮ ತಂದೆಯದು ಹೀಗೆ ಆಗಿದೆ. ಗಟ್ಟಿ ಆಗಿದೆ. ಮಿದುಳಿನ ಒಳಗೆ ಕೂದಲಿನಷ್ಟು ಸಣ್ಣ ನರಗಳಿವೆ. ಅವು ಗಟ್ಟಿಯಾದರೆ, ಮುಚ್ಚಿಕೊಂಡರೆ, ಅಲ್ಲಿಗೆ ರಕ್ತ ಹೋಗೋದಿಲ್ಲ. ಅಷ್ಟು ಜಾಗ ಸಾಯುತ್ತದೆ. ಯೋಚನೆ ನಿಧಾನ ಆಗುತ್ತದೆ, ನಡಿಗೆ ಕೆಡುತ್ತದೆ, ಅಳು ಬರುತ್ತದೆ. ಅವರು ಬೇಕು ಅಂತ ಮಾಡೋದಲ್ಲ."

ಕೊನೆಯ ಮಾತು ನನ್ನ ಪ್ರಶ್ನೆಗೆ ಉತ್ತರವಲ್ಲ, ಅವರಾಗಿಯೇ ಹೇಳಿದ್ದು. ಬಹುಶಃ ಎಲ್ಲ ಮನೆಯಲ್ಲೂ ಹಾಗೆಯೇ ಅಂದುಕೊಳ್ಳುತ್ತಾರೇನೋ.

"ಆಗಲೇ ಉಪ್ಪು ಬಿಡಿಸಿದ್ರೆ?" ಎಂದು ಕೇಳಿದೆ.

"ನಿಲ್ಲಿಸಬಹುದಿತ್ತು ಅಂತ ಹೇಳೋದಿಲ್ಲ. ತಡ ಮಾಡಬಹುದಿತ್ತು," ಎಂದರು. "ಇದು ಮೆಟ್ಟಿಲು ಇಳಿದ ಹಾಗೆ, ಅಮ್ಮ. ಒಂದು ಮೆಟ್ಟಿಲ ಮೇಲೆ ಎಷ್ಟು ದಿನ ನಿಲ್ಲುತ್ತಾರೆ ಹೇಳೋದಕ್ಕಾಗೋದಿಲ್ಲ. ಈಗ ಹೇಳಿದ್ದು ಅವರಿಗೆ ತಿಳಿಯುತ್ತದೆ. ಹೇಳೋದು ಕೇಳೋದು ಇದ್ದರೆ ಮುಂದಿನ ಮೆಟ್ಟಿಲಿಗೆ ಮೊದಲು ಮುಗಿಸಿಕೊಳ್ಳಿ."

ಅಲ್ಲಿಯವರೆಗೆ ನಾನು ಬುದ್ಧಿ ಎಂಬುದನ್ನು ಮೈಯಿಂದ ಬೇರೆಯೇ ಇಟ್ಟುಕೊಂಡಿದ್ದೆ. ಬುದ್ಧಿ ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ, ಇದ್ದೂ ಬಳಸದವರು ಸೋಮಾರಿಗಳು. ತರಗತಿಯಲ್ಲಿ ನನ್ನ ತತ್ತ್ವ ಇಷ್ಟೇ ಆಗಿತ್ತು. ಅದಕ್ಕೂ ಗದ್ದೆಯಂತೆ ನೀರು ಹಾಯಬೇಕು, ಕಾಲುವೆ ಮುಚ್ಚಿದರೆ ಒಣಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಜೀವಮಾನವೆಲ್ಲ ಕೊಳವೆಗಳ ನಡುವೆ ಕಳೆದವನ ಮಗಳಿಗೆ ಇದನ್ನು ಮದರಾಸಿನ ಒಬ್ಬರು ಬಂದು ಹೇಳಬೇಕಾಯಿತು. ಕಬ್ಬಿಣದ ಕೊಳವೆಗೆ ಯಾವುದು ಗುಣವೋ ಮೈಯೊಳಗಿನ ಕೊಳವೆಗೆ ಅದೇ ರೋಗ. ಆಮೇಲೆ ಶಾಲೆಯಲ್ಲಿ ಯಾವ ಹುಡುಗಿಗೂ ನಿಧಾನ ಎಂದು ನಾನು ಹೊಡೆಯಲಿಲ್ಲ. ಇದನ್ನು ದೊಡ್ಡತನಕ್ಕೆ ಹೇಳುತ್ತಿಲ್ಲ, ಕೈ ಏಳಲಿಲ್ಲ ಅಷ್ಟೇ.

ಭದ್ರಾವತಿಗೆ ವಾಪಸು ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಅವ್ವನಿಗೆ ಹೇಳಬೇಕಾದ್ದನ್ನು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅಪ್ಪನದು ಹಟವಲ್ಲ, ಕಾಯಿಲೆ. ಮೊದಲ ದಿನದಿಂದಲೂ ಕಾಯಿಲೆಯೇ. ಡಾಕ್ಟರು ಅವತ್ತೇ ಹೇಳಿದ್ದರು, ನನಗೆ ತಿಳಿಯಲಿಲ್ಲ. ಮೂರೇ ವಾಕ್ಯ. ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ, "ಏನಂದ್ರು?" ಎಂದಳು.

"ರಕ್ತದ ಒತ್ತಡ ಜಾಸ್ತಿ ಇದೆಯಂತೆ. ಉಪ್ಪು ಬೇಡ, ಹೊಗೆಸೊಪ್ಪು ಬೇಡ," ಎಂದೆ. ಅಲ್ಲಿಗೇ ನಿಲ್ಲಿಸಿದೆ.

ಏಕೆ ಎಂದು ಕೇಳಿದರೆ ನೇರವಾಗಿ ಹೇಳುತ್ತೇನೆ. ನನ್ನ ಬಳಿ ಇದ್ದದ್ದು ಅದೊಂದೇ, ಓದಿದವಳು ಎಂಬ ಹೆಸರು. ಕುಂಕುಮ, ಬಳೆ, ಶುಭಕಾರ್ಯದಲ್ಲಿ ಮುಂದೆ ನಿಲ್ಲುವ ಜಾಗ, ಎಲ್ಲವನ್ನೂ ಕಿತ್ತುಕೊಂಡ ಮೇಲೆ ನಾನು ತಲೆಯೆತ್ತಿ ಓಡಾಡಲು ಉಳಿದಿದ್ದದ್ದು ಆ ಹೆಸರು. ನೀನು ಕೇಳಿಸ್ಕೊಂಡಿದೀಯ ಅಂದ್ಮೇಲೆ ಆಯ್ತು ಎಂದ ಅವ್ವನಿಗೆ, ನಾನು ಚೀಟಿ ಓದಲಾರದೆ ಓದಿದಂತೆ ನಟಿಸಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಮನೆಯಲ್ಲಿ ಬೇಕಂತ ನಾಟಕವಾಡಿದವಳು ನಾನೊಬ್ಬಳೇ.

ಅವ್ವ ಉಪ್ಪಿನ ಮರಿಗೆಯನ್ನು ಮೇಲಿನ ಹಲಗೆಗೆ ಏರಿಸಿದಳು. ತಾನೂ ಸಪ್ಪೆ ಉಂಡಳು. ಅಪ್ಪ ಮೊದಲ ವಾರ ಮುಖ ಸಿಂಡರಿಸಿದ, ಆಮೇಲೆ ಒಗ್ಗಿಕೊಂಡ. ಹೊಗೆಸೊಪ್ಪು ಬಿಡಲು ಇನ್ನೂ ಹೆಚ್ಚು ಒದ್ದಾಡಿದ, ಅದನ್ನೂ ಬಿಟ್ಟ. ಎರಡು ತಿಂಗಳಲ್ಲಿ ಹಿಂದಲೆಯ ಸಿಡಿತ ನಿಂತಿತು. ಹೊಳೆಯ ಸೇತುವೆಯವರೆಗೆ ನಡೆದು ಬರತೊಡಗಿದ. ಒಂದು ಶನಿವಾರ ನಾನು ನೋಡುತ್ತಿದ್ದ ಹಾಗೆಯೇ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ, ಬಾಯಿಗೆ ಹಾಕಿಕೊಂಡ. ನನಗೆ ಅಳು ಬರುವಷ್ಟು ಸಂತೋಷವಾಯಿತು. ಜೊತೆಗೆ ಒಂದು ನೆಪವೂ ಸಿಕ್ಕಿತು. ಸುಧಾರಿಸುತ್ತಿದ್ದಾನೆ, ಈಗ ಯಾಕೆ ಹಳೆಯದನ್ನು ಕೆದಕುವುದು, ಮುಂದಿನ ವಾರ ಹೇಳೋಣ.

ಮುಂದಿನ ವಾರ, ಮುಂದಿನ ವಾರ ಎನ್ನುತ್ತ ಡಾಕ್ಟರನ್ನು ಕಂಡು ಬಂದು ನಾಲ್ಕು ತಿಂಗಳಾಯಿತು. ಅಷ್ಟೂ ದಿನ ಅವ್ವನ ಬೈಗುಳ ನಡೆದೇ ಇತ್ತು. ಗುಂಡಿ ಹಾಕುವುದು ತಡವಾದರೆ "ಉಪ್ಪು ಬಿಟ್ರೂ ಬುದ್ಧಿ ಬರ್ಲಿಲ್ಲ. ಬೇಕಂತ ಮಾಡ್ತೀರಿ." ಅಪ್ಪ ಮೊದಮೊದಲು ಇಲ್ಲ ಎನ್ನುತ್ತಿದ್ದ, ಆಮೇಲೆ ಅದನ್ನೂ ಬಿಟ್ಟಿದ್ದ. ನಾನು ಅಲ್ಲೇ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನನಗೆ ಶಾಲೆಗೆ ಸುದ್ದಿ ಬಂತು. ಹೋಗಿ ನೋಡಿದರೆ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಕಣ್ಣು ನನ್ನನ್ನು ಗುರುತಿಸಿತು. ಮಾತು ಒಂದೊಂದೇ, ಎಲ್ಲಿಂದಲೋ ಎಳೆದು ತರಬೇಕು. ಎಡಗಾಲು ಎಳೆಯುತ್ತಿತ್ತು. ಮುಂದಿನ ಮೆಟ್ಟಿಲಿಗೆ ಬಂದಿದ್ದ. ಅವ್ವ ಅವನಿಗೆ ಗಂಜಿ ಕುಡಿಸುತ್ತಿದ್ದಳು, ಬಯ್ಯುತ್ತಿರಲಿಲ್ಲ. ಅವಳ ಮುಖದಲ್ಲಿ ಸಿಟ್ಟಿನ ಜಾಗಕ್ಕೆ ಹೆದರಿಕೆ ಬಂದಿತ್ತು.

ನಾನು ಅವ್ವನನ್ನು ಅಡಿಗೆಮನೆಗೆ ಕರೆದು ಎಲ್ಲ ಹೇಳಿದೆ. ಚೀಟಿ, ಕಂಪೌಂಡರ್, ರಬ್ಬರ್ ನಳಿಗೆ, ಮೆಟ್ಟಿಲು, ಬೇಕು ಅಂತ ಮಾಡೋದಲ್ಲ ಎಂದು ಡಾಕ್ಟರು ಹೇಳಿದ್ದು. ಅವ್ವ ನನ್ನನ್ನು ಬಯ್ಯುತ್ತಾಳೆಂದು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಒಂದೇ.

"ನಾಕು ತಿಂಗಳ ಹಿಂದೆನೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಹೊರಗೆ ಹೋದಳು. ಅಪ್ಪನ ಎದುರು ನೆಲದ ಮೇಲೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. ನನ್ನ ಬುದ್ಧಿ ಬಲಿತಾಗಿನಿಂದ ಅವಳು ಹಾಗೆ ಅವನ ಕೈ ಹಿಡಿದದ್ದನ್ನು ನಾನು ನೋಡಿರಲಿಲ್ಲ.

"ನಾನು ನಿಮ್ಮನ್ನ ಬಯ್ಯಬಾರದಿತ್ತು. ನಿಮಗ್ ಕಾಯಿಲೆ ಇತ್ತು. ಬೇಕಂತ ಮಾಡ್ತೀರಿ ಅಂತಿದ್ನಲ್ಲ, ಅದು ಸುಳ್ಳು. ನಂಗ್ ಗೊತ್ತಿರ್ಲಿಲ್ಲ. ತಪ್ಪಾಯ್ತು."

ಅಪ್ಪ ಕೇಳಿಸಿಕೊಂಡ. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವ್ವನ ಮಾತಿನಲ್ಲಿ ಯಾವುದು ಅವನೊಳಗೆ ಉಳಿಯಿತೋ, ಯಾವುದು ಉದುರಿಹೋಯಿತೋ. ಅವನು ಅವಳನ್ನೇ ನೋಡುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವರು ಹೇಳುವ ಹಾಗೆ, ತಗ್ಗಿದ ದನಿಯಲ್ಲಿ ಹೇಳಿದ.

"ಆಯ್ತು ಮಾರಾಯ್ತಿ. ಇನ್ನು ಬೇಕಂತ ಮಾಡಲ್ಲ."

"ನೀವು ಮಾಡ್ಲಿಲ್ಲ ಅಂತಿದೀನಿ," ಎಂದಳು ಅವ್ವ.

"ಮಾಡಲ್ಲ," ಎಂದ ಅಪ್ಪ.

ಆಮೇಲೆ ಅವನು ಬದುಕಿದ್ದದ್ದು ಹನ್ನೊಂದು ತಿಂಗಳು. ಅವ್ವ ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುತ್ತ, ನೀವು ಬೇಕಂತ ಮಾಡ್ಲಿಲ್ಲ ಎಂದು ಹೇಳುತ್ತಿದ್ದಳು. ಅಪ್ಪ ದಿನಾ, ಇನ್ನು ಮಾಡುವುದಿಲ್ಲ ಎಂದು ಅವಳಿಗೆ ಮಾತು ಕೊಡುತ್ತಿದ್ದ.